ಸೆರೆವಾಸದ ದಿನಗಳ ಲೆಕ್ಕ

ತುರ್ಕಸ್ತಾನದ ಸೈನ್ಯದ ಕಾರ್ಯಾಚರಣೆಯಲ್ಲಿ ಹಾಳಾದ ನುಸಯ್ಬಿನ್ ಪಟ್ಟಣದ ಚಿತ್ರವನ್ನು ಬರೆದು ಪ್ರಕಟಿಸಿದವರು ಕುರ್ದ್ ಜನಾಂಗದ ಚಿತ್ರಕಾರ್ತಿಯೂ ಪತ್ರಕರ್ತೆಯೂ ಆದ ಜೆಹ್ರಾ ದೋಗನ್. ಆ ಚಿತ್ರ ಮತ್ತು ಕೆಲವು ಬರಹಗಳನ್ನು ಭಯೋತ್ಪಾದಕರ ಪರವಾದ ಪ್ರಚಾರವೆಂದು ಬಗೆದ ಅಲ್ಲಿನ ನ್ಯಾಯಾಲಯವು 2017ರ ಮಾರ್ಚಿನಲ್ಲಿ ಅವರಿಗೆ 2 ವರ್ಷ 9 ತಿಂಗಳು 22 ದಿನಗಳ ಸೆರೆವಾಸವನ್ನು ವಿಧಿಸಿತು. ಕಂಡ ವಿನಾಶವನ್ನು ಚಿತ್ರಿಸುವುದು ಅಪರಾಧವಾಗಲಾರದು; ಈ ಶಿಕ್ಷೆ ಅನ್ಯಾಯವೆಂದೇ ನಾವು ಭಾವಿಸುತ್ತೇವೆ.

ಮರುವರ್ಷದ ಮಾರ್ಚಿನಲ್ಲಿ, ನಿಜನಾಮವನ್ನು ಮರೆಸಿಕೊಂಡು ಬೀದಿಗೋಡೆಗಳ ಮೇಲೆ ಚಿತ್ರಿಸುವ ಕಲಾವಿದ ಬ್ಯಾಂಕ್ಸಿ, ನ್ಯೂಯಾರ್ಕಿನ ಸುಮಾರು 70 ಅಡಿ ಉದ್ದದ ಗೋಡೆಯೊಂದರ ತುಂಬ ಕಪ್ಪು ಗೀಟುಗಳನ್ನೆಳೆದರು. ಜೆಹ್ರಾ ಸೆರೆಯಲ್ಲಿ ಕಳೆದ ಒಂದೊಂದು ದಿನಕ್ಕೂ ಒಂದೊಂದು ಗೀಟು. ಒಂದೆಡೆ ಆ ಗೀಟುಗಳೇ ಸರಳುಗಳಾಗಿ, ಅವುಗಳ ಹಿಂದೆ ಆಕೆಯ ಮುಖ, ಸರಳುಗಳಲ್ಲೊಂದು ಪೆನ್ಸಿಲು!

ಇದರಿಂದ ಬಂದ ಫಲವೇನೆಂದು ಕೇಳುವವರುಂಟು. ಗೋಡೆಯ ಚಿತ್ರ ಸೆರೆಮನೆಯ ಬಾಗಿಲನ್ನು ತೆರೆಯಲಿಲ್ಲವೆಂಬುದು ದಿಟ. ಜೆಹ್ರಾ ಬಿಡುಗಡೆಯಾದುದು 2019ರ ಫೆಬ್ರವರಿ 24ರಂದು. ಆದರೆ ಕಲಾವಿದನನ್ನು ಸೆರೆಗೆ ತಳ್ಳುವವರು ಬಯಸುವುದು ಆತನ ಹೆಸರು ಜನರಿಗೆ ಮರೆತುಹೋಗಬೇಕೆಂಬುದನ್ನೇ. ಈ ಗೋಡೆ ಇದ್ದುದು ಚಿತ್ರಶಾಲೆಯೊಳಗಲ್ಲ, ದುಡಿಮೆಗೆ ಹೋಗುವ ಜನ ಓಡಾಡುವ ಬೀದಿಯಲ್ಲಿ. ಎಂದೂ ಆಕೆಯ ಹೆಸರು ಕೇಳಿರದ ದಾರಿಹೋಕರೂ ಆ ದಿನಗಳ ಲೆಕ್ಕಕ್ಕೆ ಸಾಕ್ಷಿಗಳಾದರು. ಇತ್ತ ಜೆಹ್ರಾ ಕೂಡ ಕೈಕಟ್ಟಿ ಕುಳಿತಿರಲಿಲ್ಲ. ಬಣ್ಣ ದೊರೆಯದ ಸೆರೆಯಲ್ಲಿ ಚಹಾ, ಕಾಫಿಗಳನ್ನೇ ಬಣ್ಣವಾಗಿಸಿ ಚಿತ್ರ ಬರೆದರು.

ಇದು ಪರದೇಶದ ಮಾತೆಂದು ಕನ್ನಡಿಗರು ತಳ್ಳಿಹಾಕುವಂತಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಇಡಲಾಯಿತು. ಗೂರಲು ರೋಗದಿಂದ ಬಳಲುತ್ತಿದ್ದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಪತ್ರಿಕೆಗಳ ಬಾಯಿಗೆ ಸೆನ್ಸಾರಿನ ಬೀಗ ಬಿದ್ದಿದ್ದ ಅಂದು ಅವರ ಸೆರೆಯ ದಿನಗಳನ್ನು ಬೀದಿಯಲ್ಲಿ ಎಣಿಸಿ ತೋರಿಸುವುದು ಸುಲಭವಿರಲಿಲ್ಲ.

ಬಂಧನದಲ್ಲಿರುವ ಕಲಾವಿದನ ಪರವಾಗಿ ಮೊದಲು ದನಿಯೆತ್ತಬೇಕಾದವರು ಕಲಾವಿದರೇ. ತಮ್ಮ ಕುಂಚ, ಹಾಡು, ನಾಟಕಗಳಿಗಿಂತ ತಕ್ಕ ಸಾಧನ ಅವರಿಗೆ ಬೇರಿಲ್ಲ. ಆದರೆ ಎಣಿಕೆ ಅವರೊಬ್ಬರಿಂದಲೇ ಪೂರ್ಣವಾಗದು. ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಆ ಹೆಸರನ್ನು ಓದಿ, ಮತ್ತೊಬ್ಬರಿಗೆ ತಿಳಿಸುವ ಭಾರ ದುಡಿದು ಬಾಳುವ ನಮ್ಮೆಲ್ಲರದೂ ಆಗಿದೆ.