ಮುಳ್ಳಯ್ಯನಗಿರಿ ಆಗುವ ಮುನ್ನವೇ ಮಿತಿ ಹಾಕಿ

ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ದಿನಕ್ಕೆ 1,200 ವಾಹನಗಳಷ್ಟೇ ಹೋಗಬೇಕೆಂದು ಕಟ್ಟಳೆ ಮಾಡಿತು. ಬೆಳಿಗ್ಗೆ 600, ಮಧ್ಯಾಹ್ನ 600. ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ. ನಮ್ಮ ರಾಜ್ಯದ ಗುಡ್ಡ ಹತ್ತಲು ನಮಗೇ ಪಾಸ್ ಬೇಕೆ ಎಂದು ಸಿಟ್ಟಾಗುವವರಿದ್ದಾರೆ. ಸಾಲ ಮಾಡಿ ಹೋಂಸ್ಟೇ ಕಟ್ಟಿದವರು ಇನ್ನು ಕಂತು ಹೇಗೆ ತುಂಬಬೇಕು ಎಂದು ಕೇಳುವವರೂ ಇದ್ದಾರೆ. ಎರಡನೆಯ ಪ್ರಶ್ನೆಯಲ್ಲಿ ನ್ಯಾಯವಿದೆ, ಅದಕ್ಕೆ ಮುಂದೆ ಬರುತ್ತೇನೆ. ಮಿತಿ ಹಾಕಿದ್ದು ಮಾತ್ರ ಸರಿ. ತಡವಾಯಿತು, ಅಷ್ಟೇ ನನ್ನ ತಕರಾರು.

ತಡ ಮಾಡುವುದು ನಮ್ಮಲ್ಲಿ ರೂಢಿಯೇ ಆಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ಸಾವಿರಾರು ಜನ ಒಮ್ಮೆಲೇ ಬಂದು ಅರಣ್ಯ ಇಲಾಖೆಯ ತಪಾಸಣಾ ಠಾಣೆಯೆದುರು ಮುಗಿಬಿದ್ದ ಮೇಲೆಯೇ ಸರ್ಕಾರ ಎಚ್ಚೆತ್ತದ್ದು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಆಗ ನಿಲ್ಲಿಸಲಾಯಿತು. ಊಟಿ, ಕೊಡೈಕೆನಾಲ್‌ಗಳಿಗೆ ಇ-ಪಾಸ್ ತರಲು ಮದ್ರಾಸ್ ಹೈಕೋರ್ಟೇ ಆದೇಶ ಮಾಡಬೇಕಾಯಿತು. ಮೊದಲು ಜನರನ್ನು ಕರೆಯುವುದು, ರಸ್ತೆ ಅಗಲ ಮಾಡುವುದು, ಲಾಡ್ಜ್ ಕಟ್ಟಲು ಬಿಡುವುದು, ಗುಡ್ಡ ಕುಸಿದ ಮೇಲೆ ಗೇಟ್ ಹಾಕುವುದು. ಈ ಸರದಿಯನ್ನು ತಿರುಗಿಸಲು ಇನ್ನೂ ಅವಕಾಶವಿರುವ ಊರುಗಳ ಪರವಾಗಿ ನಾನು ಬರೆಯುತ್ತಿದ್ದೇನೆ.

ಆ ಊರುಗಳು ಹಾವೇರಿ ಜಿಲ್ಲೆಯಲ್ಲಿವೆ. ಹಾನಗಲ್ಲಿನಲ್ಲಿ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯಿದೆ. ಅದರ ಎಂಟು ಮೂಲೆಯ ಮಂಟಪದ ಛತ್ತಿನಲ್ಲಿ ಅರಳಿದ ಕಮಲಕ್ಕೆ ಸಾಟಿಯಾದ ಕೆತ್ತನೆ ನಾಡಿನಲ್ಲಿ ಬಹಳ ಇಲ್ಲ. ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡ, ಬಂಕಾಪುರದ ಕೋಟೆ. ಸವಣೂರಿನ ಕಲ್ಮಠದಲ್ಲಿ ದೊಡ್ಡಹುಣಸೆ ಮರಗಳು. ಹಿರೇಕೆರೂರಿನ ಸೀಮೆಯಲ್ಲಿ ಅಬಲೂರು, ಮತ್ತು ಈಗ ರಟ್ಟೀಹಳ್ಳಿ ತಾಲ್ಲೂಕಿಗೆ ಸೇರಿದ ಮಾಸೂರಿನ ಮದಗದ ಕೆರೆ. ಇವುಗಳನ್ನೆಲ್ಲ ಪ್ರವಾಸಿ ತಾಣ ಮಾಡಿ ಎಂಬ ಬೇಡಿಕೆ ಭಾಷಣಗಳಲ್ಲಿ, ಮನವಿಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜಿಲ್ಲೆ ಹಿಂದುಳಿದಿದೆ, ಗೋವಿನಜೋಳಕ್ಕೆ ಬೆಲೆಯಿಲ್ಲ, ಹುಡುಗರು ಬೆಂಗಳೂರು ಸೇರುತ್ತಿದ್ದಾರೆ. ನಾಲ್ಕು ಜನ ಬಂದರೆ ಊರಿಗೆ ಆಸರೆಯಾದೀತು ಎನ್ನುವುದು ಆ ಬೇಡಿಕೆಯ ಹಿಂದಿರುವ ನೋವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟು ಜನ, ಯಾವ ತಿಂಗಳು, ಯಾರ ಅಪ್ಪಣೆಯಿಂದ ಎನ್ನುವುದನ್ನು ಆ ಮನವಿಗಳು ಹೇಳುವುದಿಲ್ಲ. ನನ್ನ ಜಗಳ ಅಲ್ಲಿಂದ ಶುರುವಾಗುತ್ತದೆ.

ಮದಗದ ಕೆರೆಯನ್ನೇ ನೋಡಿ. ಕುಮುದ್ವತಿ ನದಿಗೆ ಗುಡ್ಡಗಳ ಕಣಿವೆಯಲ್ಲಿ ಅಡ್ಡ ಏರಿ ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ ಕೆರೆ ಅದು. ಮಳೆ ಹಿಡಿದು ಕೋಡಿ ಬಿದ್ದರೆ ನೀರು ಬಂಡೆಗಳ ಮೇಲಿಂದ ಜಲಪಾತದಂತೆ ಇಳಿಯುತ್ತದೆ. ಹಿಂದೆ ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬಂದು ನೋಡಿ ಹೋಗುತ್ತಿದ್ದ ಜಾಗ. ಈಗ ಕೋಡಿ ಬಿದ್ದ ಸುದ್ದಿ ರೀಲ್ಸ್‌ನಲ್ಲಿ ಹರಿದಾಡಿದರೆ ಸಾಕು, ಭಾನುವಾರ ದೂರದೂರದ ಕಾರು, ಬೈಕುಗಳು ಬಂದು ನಿಲ್ಲುತ್ತವೆ. ಪಾಚಿಗಟ್ಟಿದ ಬಂಡೆ ಜಾರುತ್ತದೆ ಎಂಬುದು ದನ ಕಾಯುವ ಹುಡುಗನಿಗೆ ಗೊತ್ತು, ಫೋನ್ ಹಿಡಿದು ಹಿಂದೆ ಹಿಂದೆ ಸರಿಯುವವರಿಗೆ ಗೊತ್ತಿಲ್ಲ. ಬಾಟಲಿ ಚೂರು, ಪ್ಲಾಸ್ಟಿಕ್ ತಟ್ಟೆ ನೀರಿನ ಜೊತೆ ಕೆಳಗಿನ ಗದ್ದೆಗೆ ಇಳಿಯುತ್ತವೆ. ಚೂರು ತುಳಿದ ರೈತನ ಕಾಲಿಗೆ ಯಾವ ಪ್ರವಾಸೋದ್ಯಮ ನೀತಿಯೂ ಪರಿಹಾರ ಕೊಡುವುದಿಲ್ಲ.

ಬಂಕಾಪುರದ್ದು ಇನ್ನೂ ಸೂಕ್ಷ್ಮ. ಅಲ್ಲಿನ ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ, ಅರವತ್ತು ಕಂಬದ ನಗರೇಶ್ವರ ಗುಡಿಯಿದೆ, ಮತ್ತು 139 ಎಕರೆಯ ನವಿಲುಧಾಮವಿದೆ. ಧಾಮವೆಂದು ಘೋಷಣೆಯಾದದ್ದು 2006ರಲ್ಲಿ, ಆದರೆ ನವಿಲು ಯಾವ ಘೋಷಣೆಗೂ ಕಾದು ಬಂದದ್ದಲ್ಲ. ದನಗಳಿಗೆಂದು ಕಾಯ್ದಿಟ್ಟ ಹುಲ್ಲು, ಕಂದಕದ ಪೊದೆ, ಹೊರಗಿನವರ ಓಡಾಟ ಕಡಿಮೆಯಿದ್ದ ಕೋಟೆ ಅವಕ್ಕೆ ಒಗ್ಗಿದವು. ಹೆಣ್ಣು ನವಿಲು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಮಳೆಗಾಲದಲ್ಲಿ ಪೊದೆಯ ಮರೆಗೆ, ನೆಲದ ಮೇಲೇ ಮೊಟ್ಟೆಯಿಟ್ಟು ಕಾವು ಕೂರುತ್ತದೆ. ಗರಿಬಿಚ್ಚಿದ ಗಂಡು ನವಿಲಿನ ಫೋಟೋಕ್ಕೆ ಜನ ಬರಲು ಬಯಸುವುದೂ ಅದೇ ತಿಂಗಳುಗಳಲ್ಲಿ. ಹೆದ್ದಾರಿ ಕೂಗಳತೆಯಲ್ಲಿದೆ. ಡ್ರೋನ್, ಹಾರ್ನ್, ಪೊದೆಯೊಳಗೆ ನುಗ್ಗುವ ಕಾಲು ಇವುಗಳಿಗೆ ಅಲ್ಲಿ ಒಂದೆರಡು ಮಳೆಗಾಲ ದಾರಿ ಬಿಟ್ಟರೆ ಸಾಕು, ಧಾಮ ಎಂಬ ಬೋರ್ಡ್ ಉಳಿಯುತ್ತದೆ, ನವಿಲು ಉಳಿಯುವುದಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಪೊದೆಯ ಭಾಗವನ್ನು ಪೂರ್ತಿ ಮುಚ್ಚಬೇಕು. ನಗರೇಶ್ವರನ ಗುಡಿ ವರ್ಷವಿಡೀ ತೆರೆದಿರಲಿ.

ಜನ ಬಂದರೆ ದುಡ್ಡು ಬರುತ್ತದೆ, ಸರಿ. ಯಾರಿಗೆ? ಆಸ್ಟ್ರಿಯಾದಲ್ಲಿ ಹಾಲ್‌ಸ್ಟಾಟ್ ಎಂಬ ಸರೋವರದ ದಂಡೆಯ ಹಳ್ಳಿಯಿದೆ. ಅಲ್ಲಿನ ಜನಸಂಖ್ಯೆ ಸುಮಾರು 800, ಭರಾಟೆಯ ದಿನಗಳಲ್ಲಿ ಬರುವ ಪ್ರವಾಸಿಗರು 10,000 ತನಕ. ದುಡ್ಡಿಗೆ ಆ ಊರಿನಲ್ಲಿ ಕೊರತೆಯಿರಲಿಲ್ಲ. ಆದರೂ 2023ರಲ್ಲಿ ಅಲ್ಲಿಯ ಜನ ಬಸ್ಸುಗಳಿಗೆ, ಜನಜಂಗುಳಿಗೆ ಮಿತಿ ಹಾಕಿ ಎಂದು ಬೀದಿಗಿಳಿದರು. ವೆನಿಸ್ 2024ರ ಏಪ್ರಿಲ್‌ನಿಂದ ಒಂದು ದಿನಕ್ಕೆ ಬಂದು ಹೋಗುವವರಿಗೆ ಐದು ಯೂರೋ ಶುಲ್ಕ ಹಾಕಿತು. ಅಷ್ಟರಲ್ಲಿ ಆ ನಗರದ ಹಳೆಯ ಭಾಗದಲ್ಲಿ 50,000 ನಿವಾಸಿಗಳೂ ಉಳಿದಿರಲಿಲ್ಲ. ಮನೆಗಳೆಲ್ಲ ಪ್ರವಾಸಿಗರ ಕೋಣೆಗಳಾದ ಮೇಲೆ ಹಾಕಿದ ಐದು ಯೂರೋ ಯಾರನ್ನು ಮನೆಗೆ ವಾಪಸ್ ಕರೆತಂದೀತು?

ಅಷ್ಟು ದೂರ ಹೋಗುವುದೂ ಬೇಡ. ಹಂಪಿ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದ ನೂರಾರು ಕುಟುಂಬಗಳ ಮನೆ, ಅಂಗಡಿಗಳನ್ನು 2011ರ ಜುಲೈನಲ್ಲಿ ಕೆಡವಲಾಯಿತು. ಪ್ರವಾಸಿಗೆ ಇಡ್ಲಿ ಮಾರಿದವರನ್ನು, ಕೋಣೆ ಕೊಟ್ಟವರನ್ನು ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ಎಬ್ಬಿಸಿದರು. ಬರುವ ಪ್ರವಾಸಿಗೆ ಯಾವ ಮಿತಿಯೂ ಬೀಳಲಿಲ್ಲ. 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು. ಕಾನೂನು ಮೀರಿ ಕಟ್ಟಿದ್ದನ್ನು ಕೆಡವಿದ್ದು ತಪ್ಪೆನ್ನಲಾರೆ. ಆದರೆ ಅಷ್ಟು ವರ್ಷ ಕಟ್ಟಲು ಬಿಟ್ಟವರು ಯಾರು? ಹೋಂಸ್ಟೇ ಸಾಲದ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿದೆ. ಇಷ್ಟೇ ಜನ ಬರುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಬಡವ ಅಷ್ಟಕ್ಕೆ ತಕ್ಕಂತೆ ಸಾಲ ಮಾಡುತ್ತಾನೆ. ಖಾನಾವಳಿ ಇಡುವವಳು ಅಷ್ಟೇ ರೊಟ್ಟಿ ಬಡಿಯುತ್ತಾಳೆ. ಮಿತಿಯಿಲ್ಲದ ಜನರನ್ನು ನಂಬಿ ಹೊಲ ಅಡವಿಟ್ಟ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗೇಟ್ ಹಾಕಿದರೆ ಬೀದಿಗೆ ಬೀಳುವವರು ಊರಿನವರೇ. ಹೊರಗಿನ ಬಂಡವಾಳ ಮುಂದಿನ ಗುಡ್ಡ ಹುಡುಕಿಕೊಂಡು ಹೋಗುತ್ತದೆ.

ಮಿತಿ ಎಂದೊಡನೆ ಕೆಲವರ ಕಣ್ಣು ಸರ್ಕಾರಿ ಬಸ್ಸಿನ ಹೆಂಗಸರ ಮೇಲೆ ಬೀಳುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಗುಡಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಈ ಗೊಣಗಾಟ ಕೇಳಿದ್ದೇವೆ. ಇದು ಅನ್ಯಾಯದ ಮಾತು. ಜೀವಮಾನದಲ್ಲಿ ತವರೂರು ಬಿಟ್ಟರೆ ಬೇರೆ ಊರು ಕಾಣದ ಸವಣೂರಿನ ಅಜ್ಜಿ ಬಾಡದ ಕನಕನ ಅರಮನೆ ನೋಡಿ ಬಂದಳೆಂದರೆ ಅದು ಈ ರಾಜ್ಯ ಹೆಮ್ಮೆಪಡಬೇಕಾದ ಸಂಗತಿ. ಒಂದು ಬಸ್ಸಿನಲ್ಲಿ ಐವತ್ತು ಜನ ಬರುತ್ತಾರೆ, ಅದೇ ಐವತ್ತು ಜನಕ್ಕೆ ಹದಿನೈದು ಕಾರು ಬೇಕು. ರಸ್ತೆ ಕಟ್ಟುವುದು, ಗದ್ದೆಯಂಚು ತುಳಿಯುವುದು ಕಾರು. ಇ-ಪಾಸ್ ಬಂದಾಗ ಸರ್ಕಾರಿ ಬಸ್ಸಿಗೂ ಸ್ಥಳೀಯರ ವಾಹನಕ್ಕೂ ನೀಲಗಿರಿಯಲ್ಲಿ ವಿನಾಯಿತಿ ಕೊಟ್ಟರು, ನಮ್ಮಲ್ಲೂ ಹಾಗೇ ಆಗಬೇಕು. ಮಿತಿ ಖಾಸಗಿ ವಾಹನಕ್ಕೆ ಇರಲಿ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಯಾವ ಬುಕಿಂಗೂ ಬೇಡ.

ಮಿತಿಯನ್ನು ನಿಶ್ಚಯಿಸುವವರು ಯಾರು ಎನ್ನುವುದರಲ್ಲಿ ನಾನು ಹಟಮಾರಿ. ಬೆಂಗಳೂರಿನ ಸಲಹಾ ಸಂಸ್ಥೆಯೊಂದು ತಯಾರಿಸಿದ ಯೋಜನಾ ವರದಿ ನಮಗೆ ಬೇಡ. ಬಂಕಾಪುರದಲ್ಲಿ, ಹಾನಗಲ್ಲಿನಲ್ಲಿ, ಸವಣೂರಿನಲ್ಲಿ ಪುರಸಭೆಗಳಿವೆ, ಹಳ್ಳಿಗಳಲ್ಲಿ ಗ್ರಾಮಸಭೆಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸವಣೂರಿನ ದೊಡ್ಡಹುಣಸೆ ಮರಗಳ ಬುಡದ ಸುತ್ತ ಎಷ್ಟು ದೂರ ಕಾಲಿಡಬಾರದು ಎಂದು ಆ ಸಮಿತಿ ಹೇಳಲಿ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಮರ ಬುಡಮೇಲಾದಾಗ ಊರು ಮರುಗಿದ್ದನ್ನು, ಅದನ್ನು ಮತ್ತೆ ನೆಟ್ಟು ನಿಲ್ಲಿಸಿದ್ದನ್ನು ಕಂಡಿದ್ದೇವೆ. ಅಂಥ ಜನರಿಗೆ ತಮ್ಮ ಮರ ಎಷ್ಟು ಭಾರ ತಡೆದೀತೆಂದು ಹೇಳಲು ಹೊರಗಿನವರು ಬೇಕಿಲ್ಲ. ಪಾರ್ಕಿಂಗ್ ಶುಲ್ಕ ಬೆಂಗಳೂರಿಗೆ ಹೋಗದೆ ಅದೇ ಪಂಚಾಯಿತಿಯ ಖಾತೆಯಲ್ಲಿ ಉಳಿಯಲಿ, ಅದರಿಂದಲೇ ಕಸ ಎತ್ತುವವರಿಗೆ ಸಂಬಳವಾಗಲಿ, ಹೆಂಗಸರಿಗೊಂದು ಶೌಚಾಲಯವಾಗಲಿ.

ಮೊದಲ ಕೆಲಸ ಮಾಸೂರಿನಿಂದಲೇ ಶುರುವಾಗಬಹುದು. ಈ ಸಲದ ಮುಂಗಾರಿಗೆ ಮುಂಚೆ, ಮೇ ತಿಂಗಳೊಳಗೆ ಅಲ್ಲಿ ಒಂದು ವಿಶೇಷ ಗ್ರಾಮಸಭೆ ಕರೆಯಬೇಕು. ಜಿಲ್ಲಾಧಿಕಾರಿ, ಅರಣ್ಯ ಇಲಾಖೆ ಮತ್ತು ನೀರಾವರಿ ಅಧಿಕಾರಿಗಳು, ಪೊಲೀಸರು ಅಲ್ಲಿಗೇ ಬಂದು ಕೆರೆಯ ಕೆಳಗಿನ ರೈತರ ಮಾತು ಕೇಳಬೇಕು. ಕೋಡಿ ಬಿದ್ದ ದಿನಗಳಲ್ಲಿ ಎಷ್ಟು ವಾಹನ, ಅವು ಎಲ್ಲಿ ನಿಲ್ಲಬೇಕು, ಬಂಡೆಯ ಯಾವ ಗೆರೆಯಿಂದಾಚೆ ಯಾರೂ ಇಳಿಯಬಾರದು ಎನ್ನುವುದನ್ನು ಆ ಸಭೆಯ ಠರಾವು ಬರೆದಿಡಲಿ, ಜಿಲ್ಲಾಡಳಿತ ಅದನ್ನು ಆದೇಶವಾಗಿ ಹೊರಡಿಸಲಿ.