ಕೆಂಪು ಸಮುದ್ರದಲ್ಲಿ ನಮ್ಮ ಹೆಸರಿನ ಹಡಗು

ಪ್ರವಾಸಗಳಲ್ಲಿ ಬಗೆ ಹಲವು. ವಾರವೊಂದರ ಕಾಲ ನೆಲಕ್ಕೆ ಕಾಲಿಡದೆ ಸಣ್ಣದೊಂದು ಹಡಗಿನಲ್ಲಿಯೇ ಉಂಡು ಮಲಗಿ, ದಿನಕ್ಕೆ ಮೂರು ನಾಲ್ಕು ಬಾರಿ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಕಡಲ ತಳಕ್ಕಿಳಿದು, ಎಂದೋ ಮುಳುಗಿದ ಹಡಗುಗಳನ್ನೂ ಹವಳದ ದಿಬ್ಬಗಳನ್ನೂ ನೋಡಿಬರುವುದು ಅವುಗಳಲ್ಲೊಂದು. ಈಜಿಪ್ಟಿನ ಹುರ್ಘಾದಾ, ಶರ್ಮ್ ಎಲ್ ಶೇಖ್ ರೇವುಗಳಿಂದ ಇಂಥ ವಿಹಾರನೌಕೆಗಳು ಕೆಂಪು ಸಮುದ್ರಕ್ಕೆ ಹೊರಡುತ್ತವೆ. ಹಣ ತೆತ್ತು ಹಡಗಿನ ಗೋರಿಗಳನ್ನು ನೋಡಲು ಹೋಗುವ ಈ ಹಂಬಲ ನಮ್ಮ ಅಜ್ಜಿಯರಿಗೆ ಖಂಡಿತ ಅರ್ಥವಾಗಲಾರದು.

ಈ ಯಾತ್ರಿಕರು ತಪ್ಪದೆ ದರ್ಶನ ಪಡೆಯುವ ಹಡಗುಗಳಲ್ಲಿ ಒಂದರ ಹೆಸರು ಕೇಳಿದರೆ ಕನ್ನಡಿಗನ ಕಿವಿ ನಿಮಿರದಿರದು. ಅದು ‘ಕಾರ್ನಾಟಿಕ್’. ಇಂಗ್ಲಿಷರು ನಮ್ಮ ಕರ್ನಾಟಕ ಶಬ್ದವನ್ನು ತಿರುಚಿ, ಅದನ್ನು ಒಯ್ದು ಘಟ್ಟದ ಕೆಳಗಿನ ಆರ್ಕಾಟಿನ ಸೀಮೆಗೆ ಅಂಟಿಸಿದ್ದರೆಂಬುದು ಬೇರೆ ಮಾತು. ಹೆಸರಂತೂ ಹೊರಟದ್ದು ನಮ್ಮಲ್ಲಿಂದ.

ಪಿ. ಅಂಡ್ ಓ. ಕಂಪೆನಿಯ ಈ ಹಡಗಿಗೆ ಉಗಿಯಂತ್ರವೂ ಇದ್ದಿತು, ಹಾಯಿಯೂ ಇದ್ದಿತು. ಸುಯೆಜ್ ಕಾಲುವೆ ತೆರೆಯಲು ಇನ್ನೂ ಎರಡು ತಿಂಗಳಿದ್ದ ಕಾಲವದು. ಇಂಗ್ಲೆಂಡಿನಿಂದ ಬಂದವರು ಅಲೆಕ್ಸಾಂಡ್ರಿಯದಲ್ಲಿಳಿದು, ರೈಲಿನಲ್ಲಿ ಸುಯೆಜ್ ಸೇರಿ, ಅಲ್ಲಿ ಮತ್ತೆ ಹಡಗು ಹತ್ತಬೇಕಾಗಿದ್ದಿತು. 1869ರ ಸೆಪ್ಟೆಂಬರ್ 12ರಂದು ಬೆಳಿಗ್ಗೆ ‘ಕಾರ್ನಾಟಿಕ್’ ಇನ್ನೂರಕ್ಕೂ ಮಿಕ್ಕಿದ ಜನರನ್ನು ಹೊತ್ತು ಸುಯೆಜಿನಿಂದ ಮುಂಬಯಿಗೆ ಹೊರಟಿತು. ಒಡಲಲ್ಲಿ ಅಂಚೆಚೀಲಗಳು, ತಾಮ್ರದ ತಗಡುಗಳು, ನಲವತ್ತು ಸಾವಿರ ಪೌಂಡುಗಳ ನಾಣ್ಯ. ಅಂದಿನ ಮಧ್ಯರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಶದ್ವಾನ್ ದ್ವೀಪದ ಉತ್ತರಕ್ಕಿರುವ ಅಬು ನುಹಾಸ್ ಎಂಬ ಹವಳದ ದಿಬ್ಬಕ್ಕೆ ಅದು ತಗುಲಿತು.

ಆಗ ಕಪ್ತಾನ ಜೋನ್ಸನು ಮಾಡಿದ ಎಣಿಕೆ ತೀರ ಅವಿವೇಕದ್ದೆಂದು ನಾನು ಹೇಳಲಾರೆ. ನೀರನ್ನು ಹೊರಚೆಲ್ಲುವ ಯಂತ್ರಗಳು ನಡೆಯುತ್ತಿದ್ದವು, ಕಡಲು ಶಾಂತವಾಗಿದ್ದಿತು, ಅದೇ ಕಂಪೆನಿಯ ‘ಸುಮಾತ್ರ’ ಹಡಗು ಆ ದಾರಿಯಾಗಿ ಬರುವುದರಲ್ಲಿದ್ದಿತು. ಸಣ್ಣ ದೋಣಿಗಳಲ್ಲಿ ಹೆಂಗಸರು ಮಕ್ಕಳನ್ನು ದ್ವೀಪಕ್ಕೆ ಕಳಿಸುವುದೇ ಹೆಚ್ಚಿನ ಅಪಾಯವೆಂದು ಅವನಿಗೆ ತೋರಿತು. ತಮ್ಮನ್ನು ದ್ವೀಪಕ್ಕೆ ಮುಟ್ಟಿಸಬೇಕೆಂದು ಪ್ರಯಾಣಿಕರು ಕೇಳಿಕೊಂಡರೂ ಅವನು ಒಪ್ಪಲಿಲ್ಲ. ಇಡೀ ಹಗಲು ಕಳೆಯಿತು. ಸಂಜೆ ಎಂದಿನಂತೆ ಮೇಜು ಹಾಕಿ ಊಟ ಬಡಿಸಿದರು. ಆ ಊಟವನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ. ಆ ರಾತ್ರಿ ಎರಡು ಗಂಟೆಗೆ ನೀರು ಏರಿ ಬಾಯ್ಲರುಗಳ ಬೆಂಕಿ ಆರಿತು. ಬೆಂಕಿ ಆರಿದೊಡನೆ ಯಂತ್ರಗಳೂ ನಿಂತವು. ಆಮೇಲೂ ಕಾದರು. 14ರ ಬೆಳಿಗ್ಗೆ ಹನ್ನೊಂದಕ್ಕೆ, ಹೆಂಗಸರು ಮಕ್ಕಳು ದೋಣಿಗೆ ಇಳಿಯುತ್ತಿದ್ದಂತೆಯೇ, ಹಡಗು ಎರಡಾಗಿ ಮುರಿಯಿತು. ಮೂವತ್ತೊಂದು ಮಂದಿ ಸತ್ತರು. ಉಳಿದವರು ಶದ್ವಾನ್ ದ್ವೀಪ ಸೇರಿದ ಬಳಿಕ ‘ಸುಮಾತ್ರ’ ಬಂದೇ ಬಂದಿತು! ವಿಚಾರಣೆಯಲ್ಲಿ ಕಪ್ತಾನನ ಪರವಾನಗಿಯನ್ನು ಒಂಬತ್ತು ತಿಂಗಳು ತಡೆಹಿಡಿದರು. ಅದೇ ವರ್ಷ ಮುಳುಗುಗಾರರನ್ನು ಇಳಿಸಿ ಮೂವತ್ತೆರಡು ಸಾವಿರ ಪೌಂಡುಗಳನ್ನು ಎತ್ತಿಕೊಂಡರು. ಅರಬ್ಬಿ ಭಾಷೆಯಲ್ಲಿ ‘ನುಹಾಸ್’ ಎಂದರೆ ತಾಮ್ರ.

ಅದೇ ದಿಬ್ಬ 1978ರಿಂದ 1983ರೊಳಗೆ ಇನ್ನೂ ಮೂರು ಹಡಗುಗಳನ್ನು ಬಲಿ ತೆಗೆದುಕೊಂಡಿತು. ಒಂದರಲ್ಲಿ ಮಸೂರ ಬೇಳೆ, ಒಂದರಲ್ಲಿ ನೆಲಕ್ಕೆ ಹಾಸುವ ಬಿಲ್ಲೆ, ಇನ್ನೊಂದರಲ್ಲಿ ಮರ.

ಈಗ ‘ಕಾರ್ನಾಟಿಕ್’ ಎಡಮಗ್ಗುಲಾಗಿ ಮಲಗಿದೆ. ಅತ್ಯಂತ ಆಳದ ಭಾಗ ಸುಮಾರು 27 ಮೀಟರು. ಹಲಗೆಗಳೆಲ್ಲ ಕೊಳೆತು ಹೋಗಿ, ಕಬ್ಬಿಣದ ಅಡ್ಡೆಗಳು ಮಾತ್ರ ಪಕ್ಕೆಲುಬುಗಳಂತೆ ನಿಂತಿವೆ. ಅವುಗಳ ನಡುವಿನಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಒಳಗೆ ಗಾಜಿನಂತೆ ಪಾರದರ್ಶಕವಾದ ಸಣ್ಣ ಮೀನುಗಳು ಮೋಡಗಟ್ಟಿ, ಮನುಷ್ಯ ಸಮೀಪಿಸಿದೊಡನೆ ಪರದೆ ಸರಿದಂತೆ ಎರಡಾಗಿ ಸರಿಯುತ್ತವೆ. ಅಡ್ಡೆಗಳ ತುಂಬ ಮೃದುಹವಳ. ಬರಿಗಣ್ಣಿಗೆ ಅವು ಬೂದು ನೀಲಿಯಾಗಿ ತೋರುವುದುಂಟು, ಏಕೆಂದರೆ ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಕೈದೀಪ ಹಿಡಿದರೆ ಕುಂಕುಮ, ನೇರಳೆಗಳು ಒಮ್ಮೆಲೇ ಜೀವ ತಳೆಯುತ್ತವೆ. ಯಾವ ಹವಳ ಹಡಗನ್ನು ಸೀಳಿತೋ ಅದೇ ಹವಳ ಇಂದು ಅದಕ್ಕೆ ಹೊದಿಕೆ.

ಇಳಿಯುವುದು ಸುಲಭ, ಏರುವುದರಲ್ಲಿದೆ ವಿದ್ಯೆ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಮಾಂಸಗಳಲ್ಲಿ ಕರಗಿರುತ್ತದೆ. ಥಟ್ಟನೆ ಮೇಲೆದ್ದರೆ, ಸೋಡಾ ಸೀಸೆಯ ಬಿರಡೆ ತೆಗೆದಾಗ ಆಗುವಂತೆ, ಅದು ಗುಳ್ಳೆಗಟ್ಟೀತು. ಆದುದರಿಂದಲೇ ನಿಧಾನವಾಗಿ ಏರಿ, ಐದು ಮೀಟರಿನಲ್ಲಿ ಮೂರು ನಿಮಿಷ ತಂಗುವ ಪದ್ಧತಿ. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದಲ್ಲಿ ಬೋಧಕರ ಕೈ ಹಿಡಿದು ಒಮ್ಮೆ ಮುಳುಗಿ ಬಂದಷ್ಟಕ್ಕೇ ಈ ಆಳಕ್ಕೆ ಅರ್ಹತೆ ಬಂದಿತೆಂದು ತರುಣರು ಭಾವಿಸಬಾರದು.

ಆದರೆ ಈಚಿನ ವರ್ಷಗಳಲ್ಲಿ ಅಪಾಯ ಬಂದುದು ಕೆಳಗಿನ ಹಡಗಿನಿಂದಲ್ಲ, ಮೇಲಿನದರಿಂದ. 2023ರ ಜೂನಿನಲ್ಲಿ ಅಲ್ಲಿನ ವಿಹಾರನೌಕೆಯೊಂದಕ್ಕೆ ಬೆಂಕಿ ಬಿದ್ದು ಮೂವರು ಬ್ರಿಟಿಷ್ ಪ್ರವಾಸಿಗಳು ತೀರಿಕೊಂಡರು. 2024ರ ನವೆಂಬರ್ 25ರ ನಸುಕಿನಲ್ಲಿ ‘ಸೀ ಸ್ಟೋರಿ’ ಎಂಬ ನೌಕೆ ಮಗುಚಿಕೊಂಡಿತು. ನಾಲ್ವರ ಶವಗಳು ದೊರೆತವು, ಏಳು ಮಂದಿ ಸಿಕ್ಕಲೇ ಇಲ್ಲ. ಬದುಕುಳಿದವರಲ್ಲಿ ಕೆಲವರು ಮಗುಚಿದ ನೌಕೆಯೊಳಗೆ ಒಂದು ದಿನಕ್ಕೂ ಹೆಚ್ಚು ಕಾಲ ಕತ್ತಲಲ್ಲಿ ಸಿಕ್ಕಿಬಿದ್ದಿದ್ದರು.

ಇಂಥ ವಿಹಾರಕ್ಕೆ ಹೊರಡುವವರು ಊಟದ ಪಟ್ಟಿ ಕೇಳುತ್ತಾರೆ, ನೋಡಲಿರುವ ಹಡಗುಗಳ ಪಟ್ಟಿ ಕೇಳುತ್ತಾರೆ. ಮಲಗುವ ಕೋಣೆಯಿಂದ ಮೇಲಕ್ಕೆ ಎರಡನೆಯ ದಾರಿ ಯಾವುದು, ಅದರ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ರಾತ್ರಿ ಎಲ್ಲರೂ ಮಲಗಿದ ಮೇಲೆ ಎಚ್ಚರವಿರುವವರು ಯಾರು ಎಂದು ಕೇಳುವವರು ವಿರಳ. ಮೊದಲ ಸಂಜೆಯೇ ದೀಪವಾರಿಸಿ, ಕೈತಡವುತ್ತ ಆ ದಾರಿಯನ್ನು ಒಮ್ಮೆ ನಡೆದು ನೋಡಲು ಐದು ನಿಮಿಷ ಸಾಕು. ಊಟಕ್ಕೆ ಕರೆಯುವ ಗಂಟೆ ಬಾರಿಸುವ ಮೊದಲೇ ಅದು ಮುಗಿದಿರುತ್ತದೆ.