ರೊಟ್ಟಿ ಎದರ ಮ್ಯಾಲ ಸುಡ್ತೀರಿ?

ಕೆಲವು ವರ್ಷಗಳ ಹಿಂದೆ ತಡವಳದಲ್ಲಿ ನಾನೊಂದು ತಪ್ಪು ಮಾಡಿದೆ. ಪರಿಸರ ಅಧ್ಯಯನದ ಪ್ರಕಲ್ಪಕ್ಕಾಗಿ ಎಂಟು-ಹತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಕೈಯಲ್ಲಿ ಮರಾಠಿಯಲ್ಲಿ ಮುದ್ರಿಸಿದ ಪ್ರಶ್ನಾವಳಿ. ‘ಸ್ವಯಂಪಾಕಾಚೆ ಇಂಧನ’ ಎಂಬ ಶೀರ್ಷಿಕೆಯ ಕೆಳಗೆ ಗ್ಯಾಸ್, ಲಾಕೂಡ್, ಗೋವರ್‍ಯಾ, ರಾಕೇಲ್ ಎಂದು ನಾಲ್ಕು ಚೌಕಗಳು. ಯಾವುದಾದರೂ ಒಂದರಲ್ಲಿ ಗುರುತು ಹಾಕಬೇಕು. ಹನ್ನೊಂದು ಗಂಟೆಗೆ ಆರಂಭಿಸಿ ಮೂರರೊಳಗೆ ಒಂದು ಓಣಿಯನ್ನು ಮುಗಿಸಿದೆವು. ಒಂದು ಮನೆಯೂ ಬಿಡದಂತೆ ಗ್ಯಾಸಿನ ಚೌಕದಲ್ಲಿ ಗುರುತು ಬಿದ್ದಿತ್ತು. ತಡವಳದ ಒಂದು ಓಣಿ ಸ್ವಚ್ಛ ಇಂಧನಕ್ಕೆ ದಾಟಿದೆ ಎಂಬ ಸಂತೋಷದಲ್ಲಿ ನಾವಿದ್ದೆವು.

ಹೊರಡುವ ಮುನ್ನ ಒಂದು ಮನೆಯಲ್ಲಿ ಚಹಾಕ್ಕೆ ಕೂತಾಗ ಹಿತ್ತಲಿನ ಗೋಡೆಗೆ ಆಳೆತ್ತರ ಒಟ್ಟಿದ್ದ ತೊಗರಿಕಟ್ಟಿಗೆ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ ಕುಳ್ಳಿನ ರಾಶಿ. ವಿದ್ಯಾರ್ಥಿನಿಯೊಬ್ಬಳು ಕಾಗದ ಮಡಚಿಟ್ಟು, ತನ್ನ ಮನೆಯ ಮಾತಿನಲ್ಲಿ ಕೇಳಿದಳು: “ಆಯೀ, ಇದೆಲ್ಲಾ ಯಾಕ?” ಮುದುಕಿ ನಕ್ಕು ಹೇಳಿದ ಮಾತು ಇದು: “ಗ್ಯಾಸ್ ಅದ ಏನು ಅಂತ ಕೇಳಿದ್ರಿ, ಅದ ಅಂದೆ. ರೊಟ್ಟಿ ಎದರ ಮ್ಯಾಲ ಸುಡ್ತೀರಿ ಅಂತ ಯಾರು ಕೇಳಿದ್ರು?”

ಗ್ಯಾಸು ಚಹಾಕ್ಕೆ, ಬಂದವರಿಗೆ ಉಪ್ಪಿಟ್ಟು ಮಾಡಲು, ಮಳೆಯ ದಿನಗಳಿಗೆ. ರೊಟ್ಟಿ ಮಾತ್ರ ಒಲೆಯ ಮೇಲೆ. ಆಕೆ ಸುಳ್ಳು ಹೇಳಿರಲಿಲ್ಲ. ನಮ್ಮ ಪ್ರಶ್ನೆಯೇ ಕುರುಡಾಗಿತ್ತು. ಮೇಲಾಗಿ ನಾವು ಹೋದದ್ದು ಒಲೆ ಆರಿದ ಹೊತ್ತಿನಲ್ಲಿ. ವರದಿಯನ್ನು ತಿದ್ದಿಸಲು ಆಗ ನನಗೆ ಮನಸ್ಸಾಗಲಿಲ್ಲ; ಬಸ್ಸಿನ ವೇಳೆಯಾಗಿತ್ತು, ಪ್ರಕಲ್ಪ ಸಲ್ಲಿಸುವ ದಿನಾಂಕ ಹತ್ತಿರವಿತ್ತು. ಅದು ಹಾಗೆಯೇ ಸಲ್ಲಿಕೆಯಾಯಿತು, ಒಳ್ಳೆಯ ಅಂಕಗಳೂ ಬಂದವು.

ಜೋಳದ ರೊಟ್ಟಿಯನ್ನು ಬಲ್ಲವರಿಗೆ ಆಕೆಯ ಮಾತು ಬಿಡಿಸಿ ಹೇಳಬೇಕಾದದ್ದಲ್ಲ. ಅಗಲವಾದ ಹಂಚು ಅಂಚಿನವರೆಗೂ ಸಮನಾಗಿ ಕಾಯಬೇಕು. ಬಡಿದ ರೊಟ್ಟಿಯನ್ನು ಹಾಕಿ, ನೀರು ಸವರಿ, ತಿರುವಿ, ಕೊನೆಗೆ ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ಉಬ್ಬಿಸಬೇಕು. ಹತ್ತು ಜನರ ಮನೆಗೆ ಎರಡು ಹೊತ್ತಿನ ರೊಟ್ಟಿಯೆಂದರೆ ಒಂದು ತಾಸಿಗೂ ಮೀರಿದ ಬೆಂಕಿ. ಅದನ್ನು ಸಿಲಿಂಡರಿನಿಂದ ಮಾಡಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ತೊಗರಿಕಟ್ಟಿಗೆಯಾದರೋ ಹೊಲದ್ದು, ಕುಳ್ಳು ಕೊಟ್ಟಿಗೆಯದು. ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾಯಿತು. ಅದರ ಎಂಟು ಕೋಟಿಯ ಸಂಪರ್ಕವನ್ನು 2019ರ ಸೆಪ್ಟೆಂಬರಿನಲ್ಲಿ ನಮ್ಮ ಮಹಾರಾಷ್ಟ್ರದ ಔರಂಗಾಬಾದಿನಲ್ಲಿಯೇ ವಿತರಿಸಲಾಯಿತು. ದೊಡ್ಡ ಕೆಲಸ, ಹಗುರ ಮಾಡುವಂಥದ್ದಲ್ಲ. ಆದರೆ ಸಂಪರ್ಕದ ಎಣಿಕೆ ಬೇರೆ, ಹೊಗೆಯ ಎಣಿಕೆ ಬೇರೆ. ಮಾಲದಂಡಿ ಜೋಳದ ಈ ಸೀಮೆಯಲ್ಲಿ, 2016ರಲ್ಲಿ ಭೌಗೋಳಿಕ ಸೂಚಕ ಪಡೆದ ಮಂಗಳವೇಢೆಯ ಜೋಳದ ಈ ಜಿಲ್ಲೆಯಲ್ಲಿ, ಇಂಧನದ ಪ್ರಶ್ನೆಯನ್ನು ರೊಟ್ಟಿಯಿಂದ ಆರಂಭಿಸದವನು ಉತ್ತರಕ್ಕೆ ತಲುಪಲಾರ.

ಇದು ಭೂಗೋಳ ವಿಭಾಗದ ಕೆಲಸ, ನಮಗೇನು ಸಂಬಂಧ ಎಂದು ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೇಳುವುದುಂಟು. ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ 1991ರಲ್ಲಿ ನೀಡಿದ ತೀರ್ಪಿನ ಫಲವಾಗಿ ಪರಿಸರ ಶಿಕ್ಷಣ ಎಲ್ಲರಿಗೂ ಕಡ್ಡಾಯವಾಗಿದೆ; ಕನ್ನಡದವರಿಗೆ ರಿಯಾಯಿತಿ ಇಲ್ಲ. ಪ್ರತಿ ವರ್ಷ ನಿಮ್ಮ ವರದಿಗಳನ್ನು ನೋಡುತ್ತೇನೆ. ಮೊದಲ ಪುಟದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕಟ್ಟಿಸಿದ ಕೆರೆ, ಎರಡನೆಯದರಲ್ಲಿ ಉರಿಯುವ ಭೂಗೋಳದ ಚಿತ್ರ, ಮೂರನೆಯದರಿಂದ ಮೊಬೈಲಿನಿಂದ ಇಳಿಸಿಕೊಂಡ ಮರಾಠಿ. ಸಿದ್ಧರಾಮನ ಹೆಸರು ಹೇಳಿ ಮನೆಯ ಹಿತ್ತಲಿಗೂ ಹೋಗದವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆತ ಕೆರೆಯ ಕುರಿತು ವರದಿ ಬರೆಯಲಿಲ್ಲ, ಅಗೆಸಿದ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಐದನೆಯದರಿಂದ ಮರಾಠಿಗೆ ಹೋದವನು. ಮರಾಠಿ ನನಗೆ ಅನ್ನ ಕೊಟ್ಟ ವಿದ್ಯೆಯ ಭಾಷೆ. ಅದರ ಮೇಲೆ ದೂರಿಲ್ಲ. ಆದರೆ ನಮ್ಮ ಊರುಗಳಲ್ಲಿ ಕಾಗದ ಮರಾಠಿಯಲ್ಲಿ ಮಾತಾಡುತ್ತದೆ, ಒಲೆ ಕನ್ನಡದಲ್ಲಿ ಮಾತಾಡುತ್ತದೆ. ಕಾಗದದ ಭಾಷೆಯಲ್ಲಿ ಕೇಳಿದರೆ ಕಾಗದದ ಉತ್ತರವೇ ಬರುತ್ತದೆ. ಪ್ರಶ್ನಾವಳಿ ‘ಪೀಕ ಅವಶೇಷ’ ಎಂದು ಕೇಳಿದಾಗ ರೈತ ತಲೆಯಲ್ಲಾಡಿಸುತ್ತಾನೆ. ‘ರವದಿ ಏನು ಮಾಡ್ತೀರಿ?’ ಎಂದರೆ, ಕಬ್ಬು ಕಡಿದ ಮರುದಿನವೇ ಬೆಂಕಿ ಹಚ್ಚುವುದೇಕೆ, ಹಾಗೆಯೇ ಬಿಟ್ಟರೆ ಕುಳೆ ಬೆಳೆಗೆ ಏನು ತೊಂದರೆ, ಯಾರ ಹೊಲದಲ್ಲಿ ಬಿಟ್ಟು ನೋಡಿದ್ದಾರೆ ಎಲ್ಲವನ್ನೂ ಹೇಳುತ್ತಾನೆ. ‘ಹವಾಮಾನ ಬದಲಾವಣೆ’ಯ ಬಗ್ಗೆ ಏನನ್ನುತ್ತೀರಿ ಎಂದರೆ ಎಪ್ಪತ್ತು ವರ್ಷದ ಒಕ್ಕಲಿಗ ಸುಮ್ಮನಾಗುತ್ತಾನೆ. ಮಿರಗದ ಮಳೆ ಯಾವಾಗ ಬಂತು, ಉತ್ತರಿ ಹೇಗೆ ಹೋಯಿತು, ಹಸ್ತಕ್ಕೆ ಹಿಂಗಾರಿ ಜೋಳ ಬಿತ್ತಲು ಹದವಿತ್ತೇ ಎಂದು ಕೇಳಿ ನೋಡಿ. ವಹಿಯ ಹಾಳೆ ಸಾಲದು. ಈ ಪದಗಳನ್ನು ಬಲ್ಲವರು, ಅವು ಯಾವ ವಯಸ್ಸಿನವರ ಬಾಯಲ್ಲಿ ಇನ್ನೂ ಉಳಿದಿವೆ ಎಂದು ಬಲ್ಲವರು ನೀವು. ಭೂಗೋಳದ ವಿದ್ಯಾರ್ಥಿಗೆ ನಕ್ಷೆ ಬರುತ್ತದೆ, ನಿಮಗೆ ಮಾತು ಬರುತ್ತದೆ.

ಕೇಳುವ ಕ್ರಮದಿಂದಲೇ ಯೋಜನೆಯ ದಿಕ್ಕು ಬದಲಾದ ಉದಾಹರಣೆ ಕನ್ನಡನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲಿಯೇ ಹುಡುಕುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಅವರು ಮನೆಮನೆಯ ಇಂಧನದ ಲೆಕ್ಕ ತೆಗೆದರು. ಸೌದೆ ಎಷ್ಟು, ತಂದವರು ಯಾರು, ಎಷ್ಟು ಹೊತ್ತು ನಡೆದರು ಎಂಬುದನ್ನೂ ಬರೆದುಕೊಂಡರು. ಮೂರು ಪಾತ್ರೆಗಳನ್ನು ಇಡಬಹುದಾದ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಅಲ್ಲಿಂದ ಬಂದದ್ದು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಪುರ ಎಂಬ ಹಳ್ಳಿಯ ಕಥೆ. ಅಲ್ಲಿ ಅಡುಗೆಗೆಂದು ಕಟ್ಟಿದ ಸಾಮೂಹಿಕ ಗೋಬರ್ ಗ್ಯಾಸ್ ಕೈಗೂಡಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಅದನ್ನು ಅರಿತ ಮೇಲೆ ಅದೇ ಅನಿಲದಿಂದ ಯಂತ್ರ ನಡೆಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಎತ್ತಿ ಮನೆಗಳಿಗೆ ಕೊಟ್ಟರು. 1987ರಿಂದ ಆ ವ್ಯವಸ್ಥೆ ವರ್ಷಗಳ ಕಾಲ ನಡೆಯಿತು. ಅಷ್ಟು ದೊಡ್ಡ ವಿಜ್ಞಾನಿಗಳೂ ಮೊದಲ ಸಲ ತಪ್ಪಿದರು, ತಿರುಗಿ ಕೇಳಿದರು. ತಡವಳದಲ್ಲಿ ನಾನು ತಿರುಗಿ ಕೇಳಲಿಲ್ಲ.

ಸೌರಶಕ್ತಿಯ ವಿಷಯದಲ್ಲಿಯೂ ನಮ್ಮ ಕಡೆಯ ಕಾರಣ ಪಠ್ಯದ ಕಾರಣಕ್ಕಿಂತ ಬೇರೆ. ಮಹಾರಾಷ್ಟ್ರ ಸರಕಾರ 2017ರಲ್ಲಿ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯನ್ನು ತಂದಿತು. ಹೊಲದ ಪಂಪಿಗೆ ಹಗಲು ವಿದ್ಯುತ್ ಕೊಡುವುದು ಅದರ ಗುರಿ. ರೈತನಿಗೆ ಇಂಗಾಲದ ಮಾತು ಬೇಕಿಲ್ಲ. ಸರದಿಯ ಪ್ರಕಾರ ರಾತ್ರಿ ಹನ್ನೆರಡಕ್ಕೆ ಲೈಟು ಬಂದಾಗ ಬ್ಯಾಟರಿ ಹಿಡಿದು, ಹಾವು-ಚೇಳಿನ ನಡುವೆ ಹೋಗಿ ಮೋಟರು ಚಾಲು ಮಾಡಿದವನಿಗೆ ಬೇಕಾದದ್ದು ನಿದ್ದೆ. ಆ ನಿದ್ದೆಯ ಲೆಕ್ಕವನ್ನು ನಮ್ಮ ಯಾವ ವರದಿಯಲ್ಲಿಯೂ ನಾನು ಕಂಡಿಲ್ಲ.

ಮನೆಗಳ ಮಾತು ಇನ್ನಷ್ಟು ತೊಡಕಿನದು. ಮಾಳಿಗೆ ಮನೆಗಳ ಮಣ್ಣಿನ ಮೇಲ್ಮುದ್ದೆ, ದಪ್ಪ ಗೋಡೆ, ಬೆಳಕಿಂಡಿ ಇವು ಸೊಲ್ಲಾಪುರದ ಬೇಸಿಗೆಯನ್ನು ತಡೆಯುತ್ತಿದ್ದವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಅಂಥದೇ ಕಲ್ಲುಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಅಂದಿನಿಂದ ಮಣ್ಣಿನ ಮಾಡು ಎಂದರೆ ಭಯ. ಅದರ ಜಾಗದಲ್ಲಿ ಬಂದ ತಗಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಕೂಲರಿಲ್ಲದೆ ಕೂಡಲಾಗದು. ಹಳೆಯದೇ ಒಳ್ಳೆಯದಿತ್ತು ಎಂದು ನಗರದ ಲೇಖಕರು ಬರೆಯುವಷ್ಟು ಸುಲಭವಾಗಿ ನಾನು ಬರೆಯಲಾರೆ. ಆದರೆ ಮಾಳಿಗೆ ಕಟ್ಟುತ್ತಿದ್ದ ಮೇಸ್ತ್ರಿಗಳು ಇನ್ನೂ ಕೆಲವರಿದ್ದಾರೆ. ಯಾವ ಮಣ್ಣು, ಎಷ್ಟು ದಪ್ಪ, ವರ್ಷಕ್ಕೆ ಎಷ್ಟು ಸಲ ತುಳಿಯುವುದು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಭಯವೇನಿಲ್ಲ.

ಇಷ್ಟಕ್ಕೂ ಈ ಕೂಲರಿನ ಕರೆಂಟು ದೂರದ್ದಲ್ಲ. ಹೊಟಗಿಯ ಸಮೀಪ ಫತಾಟೇವಾಡಿಯಲ್ಲಿ 1320 ಮೆಗಾವಾಟಿನ ಕಲ್ಲಿದ್ದಲ ಸ್ಥಾವರವಿದೆ. ಹೊಟಗಿಯಿಂದ ತಡವಳದ ಮೂಲಕ ವಿಜಯಪುರದತ್ತ ಸಾಗುವ ರೈಲುಹಳಿಯನ್ನು ಜೋಡಿಮಾರ್ಗ ಮಾಡಿದಾಗ, ಕೂಡಗಿಯ 2400 ಮೆಗಾವಾಟಿನ ಸ್ಥಾವರಕ್ಕೆ ಕಲ್ಲಿದ್ದಲು ಮುಟ್ಟಿಸುವುದೂ ಒಂದು ಉದ್ದೇಶವಾಗಿತ್ತು. 2013ರ ಡಿಸೆಂಬರ್ 31ರಂದು ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಜಾಲಕ್ಕೆ ಸೇರಿದ್ದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ. ಗಡಿಯ ವಾದ ನ್ಯಾಯಾಲಯದಲ್ಲಿ ಏನೇ ಇರಲಿ, ಕರೆಂಟು ಎರಡೂ ಕಡೆಗೆ ಹರಿಯುತ್ತಿದೆ.

ಕನ್ನಡದಲ್ಲಿ ಬರೆದರೆ ಗ್ರಾಮಪಂಚಾಯತಿಯಲ್ಲಿ ಓದುವವರು ಯಾರು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ, ಪಂಚಾಯತಿಯ ವ್ಯವಹಾರ ಮರಾಠಿಯಲ್ಲಿದೆ. ಹಾಗಾಗಿ ನನ್ನ ಸೂಚನೆ ಇಷ್ಟು: ಕೇಳುವುದು, ಟಿಪ್ಪಣಿ ಬರೆಯುವುದು, ವರದಿ ಸಿದ್ಧಪಡಿಸುವುದು ಕನ್ನಡದಲ್ಲಿ ನಡೆಯಲಿ; ಕೊನೆಗೆ ಎರಡು ಪುಟದ ಸಾರಾಂಶವನ್ನು ಒಳ್ಳೆಯ ಮರಾಠಿಯಲ್ಲಿ ಬರೆದು ಸರಪಂಚರ ಕೈಗೆ ಕೊಡಿ. ಎರಡೂ ಭಾಷೆ ಬಲ್ಲ ನಮ್ಮಂಥವರು ಮಾಡದಿದ್ದರೆ ಈ ಅನುವಾದವನ್ನು ಬೇರೆ ಯಾರೂ ಮಾಡರು.

ಈ ವರ್ಷ ಹಿಂಗಾರಿ ರಾಶಿಗೆ ಮುನ್ನ ತಡವಳದ ಅದೇ ಓಣಿಗೆ ಮತ್ತೆ ಹೋಗುವುದೆಂದು ಗೊತ್ತುಮಾಡಿದ್ದೇನೆ. ಮುದ್ರಿತ ಕಾಗದವಿಲ್ಲ, ಒಂದೊಂದು ವಹಿ ಸಾಕು. ಬರುವವರು ವಿಭಾಗದಲ್ಲಿ ಹೆಸರು ಬರೆಸಿ. ಬೆಳಗ್ಗೆ ಆರೂವರೆಗೆ ಅಲ್ಲಿರಬೇಕು, ಒಲೆ ಹೊತ್ತಿರುವ ಹೊತ್ತಿಗೆ. ಆ ಆಯಿ ಇದ್ದರೆ ಮೊದಲು ಅವರ ಮನೆಗೆ.